ಎಂಟೂ ಇಪ್ಪತ್ತೆರಡರ ಸ್ಲೋ

ಮೊದಲನೆಯವರು ಭಾಯಖಳಾದ ರೈಲ್ವೆ ಆಸ್ಪತ್ರೆಯವರು.
ನಾಲ್ಕು ಪುಟದ ಫಾರ್ಮು ಕೊಟ್ಟರು.
ನಿದ್ದೆ: ಚೆನ್ನಾಗಿ, ಸುಮಾರು, ಇಲ್ಲ.
ಹಸಿವು: ಚೆನ್ನಾಗಿ, ಸುಮಾರು, ಇಲ್ಲ.
ಎಲ್ಲಕ್ಕೂ ಸುಮಾರು ಎಂದು ಗೀಚಿದೆ.
ಚೆನ್ನಾಗಿ ಅಂದರೆ ಸುಳ್ಳಾಗುತ್ತದೆ,
ಇಲ್ಲ ಅಂದರೆ ಕ್ಯಾಬಿನ್ನಿನಿಂದ ಇಳಿಸುತ್ತಾರೆ.
ಇಪ್ಪತ್ತೊಂದು ವರ್ಷದ ಮೋಟರ್‌ಮನ್ನಿಗೆ
ಅಷ್ಟು ಸಿಗ್ನಲ್ಲು ಓದಲಿಕ್ಕೆ ಬರುತ್ತದೆ.
ಫಿಟ್ ಎಂದು ಠಸ್ಸೆ ಬಿತ್ತು.

ಅದೇ ರಾತ್ರಿ ಕುರ್ಲಾ ದಾಟುವಾಗ
ಯಾರೂ ಇಲ್ಲದ ಹಳಿಗೆ ಹಾರ್ನು ಹೊಡೆದೆ,
ವಿದ್ಯಾವಿಹಾರ ಬರುವ ತನಕ ಬಿಡಲೇ ಇಲ್ಲ.
ಗಾಡಿ ನಿಂತಾಗ ಹಿಂದಿನಿಂದ ಗಾರ್ಡ್ ತಾಂಬೆ
ಓಡಿ ಬಂದು ಕೇಳಿದ, ಏನಾಯಿತು?
ಏನೂ ಇಲ್ಲ ಅಂದೆ.

ಎರಡನೆಯವನನ್ನು ಹೆಂಡತಿ ಹುಡುಕಿದಳು.
ಠಾಣೆಯಲ್ಲಿ, ಏಳನೇ ಮಾಳಿಗೆ, ಸಲಕ್ಕೆ ಎರಡು ಸಾವಿರ.
ಒಳ್ಳೆಯ ಹುಡುಗ. ಕಣ್ಣು ಮುಚ್ಚಿ ಅಂದ.
ಮುಚ್ಚಿದರೆ ತಾನೆ ಅದು ಕಾಣುವುದು, ತಮ್ಮಾ.
ಒಂದು ನದಿ ನೆನೆಸಿಕೊಳ್ಳಿ ಅಂದ.
ನೆನೆಸಿಕೊಂಡೆ. ನದಿಗೆ ಸೇತುವೆ ಬಂತು,
ಸೇತುವೆಗೆ ಹಳಿ ಬಂತು.
ಕಣ್ಣು ತೆರೆದರೆ ಎದುರಿಗೆ ಗಡಿಯಾರ,
ಸೆಕೆಂಡಿನ ಮುಳ್ಳು ಓಡುವಂಥದ್ದು.
ಉಳಿದ ಮೂವತ್ತೆಂಟು ನಿಮಿಷ ಅದನ್ನೇ ನೋಡಿದೆ.
ಲಿಫ್ಟಿನಲ್ಲಿ ಹೆಂಡತಿ, ಹಗುರಾಯಿತೇ ಅಂದಳು.
ಜೇಬು ಹಗುರಾಯಿತು ಅಂದೆ.
ಅವಳು ನಗಲಿಲ್ಲ.

ಆಮೇಲೆ ಏಳು ತಿಂಗಳು ಯಾರೂ ಇಲ್ಲ.
ಇಂಡಿಯಿಂದ ಅಕ್ಕ ತಾಯಿತ ಕಳಿಸಿದಳು.
ಅದೂ ಒಂದು ಬಗೆಯ ಫಾರ್ಮೇ. ತೋಳಿಗೆ ಕಟ್ಟಿದೆ.

ಮುಲುಂಡಿನ ಈಕೆಯ ಹೆಸರು ಕೊಟ್ಟವನು ತಾಂಬೆ.
ತಾನೂ ಹೋಗುತ್ತೇನೆಂದು ಅವನು ಹೇಳಲಿಲ್ಲ.
ಚೀಟಿ ಮಾತ್ರ ಹಳೆಯದು, ಮಡಿಕೆಯಲ್ಲಿ ಹರಿದಿತ್ತು.

ಔಷಧಿ ಅಂಗಡಿಯ ಮೇಲಿನ ಕೋಣೆ. ವೈಜಯಂತಿ ಪೋತನೀಸ,
ಅರವತ್ತರ ಹೆಂಗಸು, ಮಂಡಿ ನೋವಿನವರು.
ಕೂತ ಕೂಡಲೇ ಅವರೇ ಹೇಳಿದರು:
ನಾನು ನಿಮಗೆ ಒಗ್ಗುತ್ತೇನೋ ಇಲ್ಲವೋ ಗೊತ್ತಿಲ್ಲ.
ಮೂರು ಸಲ ಬನ್ನಿ. ಆಗಲಿಲ್ಲವೋ,
ಬೇರೆ ಇಬ್ಬರ ಹೆಸರು ಬರೆದು ಕೊಡುತ್ತೇನೆ,
ನನಗೇನೂ ಬೇಸರವಿಲ್ಲ.
ಹೆಣ್ಣು ನೋಡಲು ಹೋದ ಐದು ಮನೆಗಳಲ್ಲೂ
ಇಷ್ಟು ನೇರ ಮಾತು ಕೇಳಿದವನಲ್ಲ ನಾನು.

ನನ್ನ ಮರಾಠಿ ನಡೆಯುತ್ತದೆ, ಓಡುವುದಿಲ್ಲ.
ಸಂಕಟ ಅಂದೆ.
ಸಂಕಟ್ ಎಂದು ಬರೆದುಕೊಂಡು
ಯಾವ ಗಂಡಾಂತರ, ಅಂದರು.
ಅಲ್ಲ ತಾಯಿ, ನಿಮ್ಮದು ಹೊರಗಿನಿಂದ ಬರುತ್ತದೆ.
ನಮ್ಮದು ಇಲ್ಲಿ, ಎದೆಗೂಡಿನ ಕೆಳಗೆ,
ಉಣ್ಣಲೂ ಬಿಡದೆ ಕಕ್ಕಲೂ ಬಿಡದೆ
ಕಾಲು ಮಡಚಿ ಕೂತಿರುತ್ತದೆ.
ಬರೆದದ್ದನ್ನು ಅವರು ಹೊಡೆದುಹಾಕಲಿಲ್ಲ.
ಪಕ್ಕದಲ್ಲಿ ಮಕ್ಕಳ ಹಾಗೆ ಒಂದು ಹೊಟ್ಟೆ ಬಿಡಿಸಿ
ಇಲ್ಲೇ? ಎಂದು ಪೆನ್ನು ಇಟ್ಟರು.
ಸ್ವಲ್ಪ ಮೇಲೆ, ಅಂದೆ.

ಎರಡನೆಯ ಮಂಗಳವಾರ ನಾನೇ ಕೇಳಿದೆ,
ನನ್ನಂಥವನು ನಡೆಸುವ ಗಾಡಿ ಹತ್ತುತ್ತೀರಾ?
ದಿನಾ ಡೊಂಬಿವಲಿಯಿಂದ ಎಂಟೂ ಇಪ್ಪತ್ತೆರಡರ ಸ್ಲೋ, ಅಂದರು,
ಹೆಂಗಸರ ಡಬ್ಬಿ.
ಎಷ್ಟು ಸಲ ನೀವೇ ತಂದು ಇಳಿಸಿದ್ದೀರೋ.
ಅದಕ್ಕೆ ನಾನು ಏನೂ ಹೇಳಲಿಲ್ಲ.
ಕೆಳಗೆ ಅಂಗಡಿಯವನು ಷಟರ್ ಎಳೆದ.
ಬೆನ್ನು ಸೆಟೆದುಕೊಂಡಿತು, ಆಮೇಲೆ ತಾನಾಗಿ ಇಳಿಯಿತು.

ನಾಳೆ ಮೂರನೆಯ ಮಂಗಳವಾರ.
ಆ ಮುಖದ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ,
ಕೈಚೀಲದ ಬಣ್ಣ ಮಾತ್ರ ಹೇಳಿದ್ದೇನೆ.
ಹಳದಿ.
ಎಂಥ ಹಳದಿ, ಎಂದು ಕೇಳಿದ್ದಾರೆ.
ಅದನ್ನೇ ಯೋಚಿಸುತ್ತ ಇದ್ದೇನೆ.