ಗೊರವಂಕದ ಬೋನು

ಬೋನು ತಂದವಳು ನೋರಿನ್, ಎರಡು ಮನೆ ಆಚೆಯವಳು,
ಎಪ್ಪತ್ತೆರಡರ ಮುದುಕಿ, ಮಂಡಿಗೆ ಪಟ್ಟಿ,
ಚೀಲದಲ್ಲಿ ನಾಯಿಗೆ ಹಾಕುವ ಒಣ ಬಿಸ್ಕತ್ತು.
"ಇಂಡಿಯನ್ ಮೈನಾಗೆ ಇದೆಂದರೆ ಪ್ರಾಣ" ಅಂದಳು.
ಅಂದು, ನನ್ನ ಮುಖ ನೋಡಿ,
ಬರೀ ಹಕ್ಕಿಯ ಹೆಸರು ಕಣಮ್ಮ ಎಂಬಂತೆ ನಕ್ಕಳು.
ನಾನೂ ನಕ್ಕೆ. ಚಹಾ ಕೊಟ್ಟೆ.

ವುಲಂಗಾಂಗ್. ಸೆಪ್ಟೆಂಬರಿನ ಕೊನೆ, ಇಲ್ಲಿಯ ವಸಂತ.
ಹಿತ್ತಲ ಗಮ್ ಮರದಲ್ಲಿ, ಕೊಂಬೆ ಮುರಿದ ಕಡೆ, ಒಂದು ಪೊಟರೆ.
ಪೊಟರೆಯಲ್ಲಿ ರೊಸೆಲ್ಲಾ ಜೋಡಿ:
ಕೆಂಪು ತಲೆ, ಬಿಳಿ ಗಲ್ಲ, ಕೆಳಗೆ ಹಳದಿ ಹಸಿರು,
ಹೋಳಿಯ ಮಾರನೆ ದಿನ
ಸ್ನಾನ ತಪ್ಪಿಸಿಕೊಂಡ ಹುಡುಗರ ಹಾಗೆ.
ಮಗಳು ಇಳಾ ದಿನಾ ಮೊಟ್ಟೆ ಎಣಿಸುತ್ತಿದ್ದಳು,
ಏಣಿಯಿಲ್ಲದೆ, ಊಹೆಯಲ್ಲೇ: ಐದು.

ಒಂದು ಬೆಳಿಗ್ಗೆ ಬುಡದಲ್ಲಿ ನಾಲ್ಕು ಮರಿ.
ಕಣ್ಣು ಬಿಟ್ಟಿರಲಿಲ್ಲ. ಇರುವೆ ಮುತ್ತಿದ್ದವು.
ಐದನೆಯದನ್ನು ಅವಳು ಶಾಲೆಗೆ ತಡವಾಗುವವರೆಗೂ ಹುಡುಕಿದಳು.
ಮೇಲೆ, ಪೊಟರೆಯ ಬಾಯಲ್ಲಿ, ಹುಲ್ಲು ಕಚ್ಚಿಕೊಂಡು
ಗೊರವಂಕ.

ಗೊರವಂಕ! ಎಷ್ಟು ವರ್ಷವಾಯಿತು ಈ ಶಬ್ದ ನಾಲಿಗೆಗೆ ಬಂದು.
ಹಾವೇರಿಯ ಬಸ್ ನಿಲ್ದಾಣದಲ್ಲಿ, ತಗಡಿನ ಕೆಳಗೆ,
ಚೆಲ್ಲಿದ ಮಂಡಕ್ಕಿ ಹೆಕ್ಕುತ್ತಿದ್ದ ಅದೇ ಹಕ್ಕಿ.
ರೆಕ್ಕೆ ಇದ್ದೂ ನಡೆಯುವುದೇ ಇಷ್ಟ ಅದಕ್ಕೆ,
ಕೈ ಹಿಂದೆ ಕಟ್ಟಿ ಶಾನುಭೋಗರು ಹೊಲದ ಬದುವಿನಲ್ಲಿ ನಡೆದಂತೆ.
ಕಾಲಿಗೆ ಅರಿಸಿನ, ಕಣ್ಣಿನ ಸುತ್ತ ಅರಿಸಿನ.
ಅವ್ವ ಅದಕ್ಕೆ ಕಾಳು ಹಾಕುತ್ತಿದ್ದಳೇ? ಇಲ್ಲ.
ಓಡಿಸುತ್ತಲೂ ಇರಲಿಲ್ಲ.
ಇತ್ತು, ಅಷ್ಟೆ.

ಇಳಾಗೆ ಹೇಳಿದೆ: ನಮ್ಮಲ್ಲಿ ಅದರ ಹೆಸರು ಗೊರವಂಕ.
ಮರಿಗಳನ್ನು ಶೂ ಪೆಟ್ಟಿಗೆಯಲ್ಲಿ ಮಲಗಿಸುತ್ತ
ತಲೆಯೆತ್ತದೆ ಕೇಳಿದಳು:
"ಇದ್ದರೆ?"

ಬೋನಿಗೆ ಎರಡು ಕೋಣೆ. ಬರಲು ದಾರಿಯಿದೆ.
ಮೊದಲು ಸಿಕ್ಕದ್ದನ್ನು ಕೊಲ್ಲಬಾರದು, ಅದು ನಿಯಮ:
ಅದಕ್ಕೆ ನೀರು, ನೆರಳು, ಬಿಸ್ಕತ್ತು, ಕೂರಲೊಂದು ಕಡ್ಡಿ.
ಅದು ಕೂಗಿದರೆ ಉಳಿದವು ಬರುತ್ತವೆ,
ಊಟವಿದೆ, ನಮ್ಮವರಿದ್ದಾರೆ ಎಂದು.
ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮುಗಿಸಿ ಬಂದು
ಬೋಗುಣಿಗೆ ನೀರು ತುಂಬುತ್ತಿದ್ದೆ.
ಬೆರಳು ಕುಕ್ಕಿತು. ಸರಿಯಾಗಿಯೇ ಕುಕ್ಕಿತು.

ಗೊತ್ತು, ನೀವು ಏನನ್ನು ಕಾಯುತ್ತಿದ್ದೀರಿ.
ಹಕ್ಕಿಯೂ ನಾನೂ ಒಂದೇ ಎಂದು ಇನ್ನೇನು ಹೇಳಿಬಿಡುತ್ತಾಳೆ, ಎಂದು.
ಹೇಳುವುದಿಲ್ಲ. ಯಾರ ಮರಿಯನ್ನೂ ನಾನು ಪೊಟರೆಯಿಂದ ದಬ್ಬಿಲ್ಲ.
ಹದಿನಾಲ್ಕು ವರ್ಷ ಬಾಡಿಗೆ ಕಟ್ಟಿದ್ದೇನೆ, ಒಂದು ತಿಂಗಳೂ ತಪ್ಪದೆ.
ಹಕ್ಕಿಯಾದರೂ ತಾನಾಗಿ ಬಂದದ್ದಲ್ಲ;
ಹುಳ ತಿನ್ನಲೆಂದು ಹಡಗಿನಲ್ಲಿ ತಂದು ಬಿಟ್ಟವರು ಬೇರೆ.
ಆದರೂ ಮುಸ್ಸಂಜೆ ಅದು ಬೋನಿನೊಳಗೆ
ತನ್ನಷ್ಟಕ್ಕೆ ಗೊಣಗಲು ತೊಡಗಿದರೆ
ಒಗ್ಗರಣೆಯ ಸೌಟು ಒಂದು ಗಳಿಗೆ ನಿಲ್ಲುತ್ತಿತ್ತು,
ಸಾಸಿವೆ ಸೀಯುತ್ತಿತ್ತು.

ಒಟ್ಟು ಹನ್ನೊಂದು. ಪ್ರತಿ ಶನಿವಾರ ನೋರಿನ್
ಕಂಬಳಿ ಮುಚ್ಚಿ ಒಯ್ಯುತ್ತಿದ್ದಳು, ತನ್ನ ಗ್ಯಾರೇಜಿಗೆ.
ನೋವಾಗುವುದಿಲ್ಲ ಅನ್ನುತ್ತಿದ್ದಳು.
ನಾನು ಕೇಳಿರಲಿಲ್ಲ.
ಹನ್ನೆರಡನೆಯದು, ಅಂದರೆ ಆ ಮೊದಲನೆಯದು,
ಅದನ್ನು ನಾನೇ ಒಯ್ದೆ.
ಕರಿ ಕಂಬಳಿ, ಮೈಲಾರದ ಗೊರವಯ್ಯ ಹೊದ್ದಂಥದು.
ಒಳಗೆ ಅದು, ರಾತ್ರಿಯಾಯಿತೆಂದುಕೊಂಡು, ಸುಮ್ಮನಾಯಿತು.
ಎರಡೇ ಮನೆ ದೂರ.

ಮತ್ತೆ ಸೆಪ್ಟೆಂಬರು. ಪೊಟರೆ ಖಾಲಿ.
ಇಳಾ ದುರ್ಬೀನು ಹಿಡಿದು ವಾರಗಟ್ಟಲೆ ಕೂತಳು.
ರೊಸೆಲ್ಲಾ ಬಂದವು, ಇಣುಕಿದವು, ಹೋದವು.
ಆಮೇಲೊಂದು ಮಧ್ಯಾಹ್ನ ಇಡೀ ಮರ ಗುಂಯ್ ಎಂದಿತು.
ಜೇನು. ಅದೂ ಹಡಗಿನಲ್ಲಿ ಬಂದದ್ದೇ,
ಪುಸ್ತಕ ತೆಗೆದು ತೋರಿಸಿದಳು ಇಳಾ.

ನೋರಿನ್ ಬಂದು ಮರದ ಕೆಳಗೆ
ಕಿವಿಗೊಟ್ಟು ನಿಂತಳು, ಬಹಳ ಹೊತ್ತು.
ಒಳಗೆ ಕೂತ ಮೇಲೆ, ಚಹಾಕ್ಕೆ ಸಕ್ಕರೆ ಬೇಡ ಅಂದಳು,
ಜೇನಿದ್ದರೆ ಕೊಡು.