ಇಪ್ಪತ್ತರಲ್ಲಿ ಹದಿನೇಳು

ಗಾಳಿ ಎದ್ದು ಹಡಗು ರದ್ದಾದ ದಿನವೇ
ನನಗೆ ಬಿಡುವು.
ಟಿಕೆಟ್ ಕಿಂಡಿಗೆ ಬೀಗ, ಗಾಜಿಗೊಂದು ಚೀಟಿ,
ಅಣ್ಣ ಬಿಟ್ಟುಹೋದ ಚೀಲ ಬೆನ್ನಿಗೇರಿಸಿ
ದಿಬ್ಬ ಹತ್ತುತ್ತೇನೆ.
ಒಂಬತ್ತು ಕುಳಿ, ನೂರಿಪ್ಪತ್ತು ಕುರಿ,
ಗ್ರೀನಿಗೆ ದನ ನುಗ್ಗದಂತೆ ಕರೆಂಟಿನ ತಂತಿ,
ಗೇಟಿನ ಬಳಿ ತಗಡಿನ ಡಬ್ಬಿ: ಹದಿನೈದು ಪೌಂಡ್.
ಹಾಕಿದರೆ ಹಾಕಿದಿರಿ, ನೋಡುವವರಿಲ್ಲ
ದೇವರೊಬ್ಬನ ಬಿಟ್ಟು. ಅವನೋ ಈ ದ್ವೀಪದಲ್ಲಿ
ಭಾನುವಾರ ಆಡಗೊಡುವುದಿಲ್ಲ.

ಹುಲ್ಲು ಕತ್ತರಿಸುವವನು ಟೊರ್ಕಿಲ್.
ಎಡಗಣ್ಣಿಗೆ ಪೊರೆ. ಆದರೂ ಚೆಂಡು ಎಲ್ಲಿ ಬಿತ್ತೆಂದು
ಹೊಡೆದ ಸದ್ದಿನಲ್ಲೇ ಹೇಳುತ್ತಾನೆ.
"ಬಾಗಿಸಿ ಹೊಡೆಯುವುದು ಹೇಳಿಕೊಡು," ಅಂದೆ ಒಮ್ಮೆ.
ಟೀವಿಯಲ್ಲಿ ನೋಡಿದ್ದೆ: ಬಲಕ್ಕೆ ಹೊರಟ ಚೆಂಡು
ಏನೋ ಮರೆತುಬಂದವರ ಹಾಗೆ ಎಡಕ್ಕೆ ಹೊರಳಿ
ಬಾವುಟದ ಬುಡದಲ್ಲಿ ಕೂತದ್ದು.
"ಬಾಗುತ್ತಲೇ ಇದೆಯಲ್ಲ ನಿನ್ನದು."
"ಅದು ನಾನು ಬಾಗಿಸಿದ್ದಲ್ಲ."
"ಮತ್ತೆ ಯಾರು?"
ಗಾಳಿಯತ್ತ ಕೈ ತೋರಿದೆ.
ನಕ್ಕ. ಯಂತ್ರ ಹತ್ತಿದ. ಹೋದ.

ಗಾಳಿಯಿಲ್ಲದ ದಿನ ಹಡಗುಂಟು,
ಹಡಗಿದ್ದ ದಿನ ನಾನು ಕಿಂಡಿಯೊಳಗೆ.
ಮೂರು ವರ್ಷ ನನ್ನ ಚೆಂಡು
ನಿಂತ ಗಾಳಿಯನ್ನು ಕಂಡೇ ಇರಲಿಲ್ಲ.
ಯಾವ ಡೊಂಕು ಅದರದು, ಯಾವುದು ನನ್ನದು?
ಒಂದೇ ಪಾತ್ರೆಗೆ ಸುರಿದ
ಎರಡು ಮನೆಯ ಹಾಲು.

ಜೂನ್ ಬಂತು. ರಾತ್ರಿ ಹತ್ತಕ್ಕೂ ಇಲ್ಲಿ
ಸೂಜಿಗೆ ದಾರ ಪೋಣಿಸುವಷ್ಟು ಬೆಳಕು.
ಕಡೆಯ ಹಡಗು ಹೋದ ಮೇಲೆ
ಏಳನೇ ಐರನ್, ಇಪ್ಪತ್ತು ಚೆಂಡು, ಮೋಟು ಪೆನ್ಸಿಲ್,
ಕಿವಿಯೊಳಗೆ ನುಸಿ.
ಎಲ್ಲಿಗೆ ಹೋಗಲಿ ಅನ್ನಬೇಡ, ಎಲ್ಲಿಗೆ ಹೋಯಿತು ಬರೆ.
ಇಷ್ಟೇ ಪಾಠ.
ಮೊದಲ ವಾರ ಬಲಕ್ಕೆ ಒಂಬತ್ತು, ಎಡಕ್ಕೆ ಏಳು,
ಉಳಿದವು ನೆಲ ಕೆರೆದು ನನ್ನ ಕಾಲ ಬಳಿಯೇ.
"ಇನ್ನೂ ಗೀಚು ಇದು," ಅಂದ.
ಆಗಸ್ಟಿಗೆ, ಬಲಕ್ಕೆ ಹದಿನೇಳು.
ಒಂದೇ ಸೊಟ್ಟ, ಒಂದೇ ಅಳತೆ, ಹನ್ನೆರಡು ಹೆಜ್ಜೆ.
ಪುಸ್ತಕ ಮುಚ್ಚಿ ಅಳುವವಳಿದ್ದೆ. ಅವನು ಕಸಿದುಕೊಂಡು
ಒಳ್ಳೆಯ ಕಣ್ಣಿನ ಹತ್ತಿರ ಹಿಡಿದ.
"ಕೈ ಕುದುರಿತು. ಇದು ನಿನ್ನ ಅಕ್ಷರ.
ಬಾವುಟದ ಎಡಕ್ಕೆ ಹನ್ನೆರಡು ಹೆಜ್ಜೆ ನೋಡಿ ಹೊಡೆ, ಸಾಕು.
ತನ್ನ ಅಕ್ಷರ ಮೂಡದವರು
ಇನ್ನೊಬ್ಬರ ಸಹಿ ಹಾಕಹೋಗಬಾರದು."

ಹಾಗೇ ಆಡಿದೆ, ಚಳಿಗಾಲವಿಡೀ. ಅಂಕ ಇಳಿದವು;
ಈ ಆಟದಲ್ಲಿ ಇಳಿದರೇ ಏಳಿಗೆ.

ಮಾರ್ಚ್. ಟೊರ್ಕಿಲ್ ಇನ್ವರ್ನೆಸ್ಸಿನ ಆಸ್ಪತ್ರೆಯಲ್ಲಿ,
ಕಣ್ಣಿಗೆ ಪಟ್ಟಿ.
ಆರನೇ ಕುಳಿಯಲ್ಲಿ ನಾನು, ಸಿಕ್ಕಿಬಿದ್ದು:
ಎಡಕ್ಕೆ ನೋಡಿ ಹೊಡೆಯಲು ಸ್ಮಶಾನದ ಗೋಡೆ ಬಿಡದು,
ಎದುರಿಗೆ ಕಲ್ಲಿನ ಕುರಿದೊಡ್ಡಿ,
ತೆರೆದದ್ದು ಬಲಗಡೆ ಮಾತ್ರ. ಅದರಾಚೆ ಸಮುದ್ರ.
ಅಲ್ಲಿಗೆ ಹೊರಟು, ಎಡಕ್ಕೆ ಬಾಗಿ ಬರಬೇಕು.
ಕಾಲು ಬಲಕ್ಕೆ ತಿರುಗಿಸಿದೆ,
ಕ್ಲಬ್ಬಿನ ಮುಖ ತುಸು ಮುಚ್ಚಿದೆ,
ತುಕ್ಕು ಹಿಡಿದ ಬೀಗಕ್ಕೆ ಕೀಲಿ ತಿರುವಿದ ಹಾಗೆ
ಮಣಿಕಟ್ಟು ತಿರುವಿ ಹೊಡೆದೆ.

ಹೋಯಿತು. ಬಡಗಿ ನೂಲು ಹಿಡಿದ ಹಾಗೆ, ನೇರ.
ಅತ್ತಲೂ ಇಲ್ಲ, ಇತ್ತಲೂ ಇಲ್ಲ.
ಪಾಚಿ ಬಂಡೆಯ ಮೇಲಿದ್ದ ಹಕ್ಕಿಗಳು
ಬೈಯುತ್ತ ಮೇಲೆದ್ದವು.

ಫೋನ್ ಮಾಡಿದೆ. "ಸಮುದ್ರಕ್ಕೆ ಹೋಯಿತು."
"ಹೇಗೆ ಹೋಯಿತು?"
"ನೆಟ್ಟಗೆ."
ಅತ್ತ ಯಾವುದೋ ತಳ್ಳುಗಾಡಿಯ ಗಾಲಿ ಕಿರುಗುಟ್ಟಿತು.
"ನಿನ್ನದು? ನೆಟ್ಟಗೆ?"
ಮತ್ತೆ ಸುಮ್ಮನಿದ್ದ.
"ಹನ್ನೆರಡು ಹೆಜ್ಜೆ ಬಾಗಿದೆ ಅದು, ಈಶ್‌ಬೆಲ್.
ಎಣಿಸಿಟ್ಟಿದ್ದಕ್ಕೆ ಗೊತ್ತಾಯಿತು,
ಇಲ್ಲದಿದ್ದರೆ ಅದೃಷ್ಟ ಅನ್ನುತ್ತಿದ್ದೆ.
ಸೋಮವಾರದ ಹಡಗಿಗೆ ಬರುತ್ತೇನೆ. ಇನ್ನು ಶುರು ಮಾಡೋಣ."

ಸೋಮವಾರಕ್ಕೆ ಬಿರುಗಾಳಿಯ ಮುನ್ಸೂಚನೆ ಇತ್ತು.
ಚೀಟಿ ಬರೆಯಬೇಕಾದವಳು ನಾನೇ.
ಹೇಳಲಿಲ್ಲ.