ಎಣಿಸದೆ

ಮೊಖೊಟ್ಲಾಂಗಿನ ಬೆಟ್ಟದಲ್ಲಿ ಹೊತ್ತು ಮುಳುಗಿದ ಮೇಲೆಯೇ
ನಮ್ಮ ಶಾಲೆಯ ಗಂಟೆ.
ಗಂಟೆ ಅಂದರೆ ತೂಗುಹಾಕಿದ ಹಳೆಯ ನೇಗಿಲ ಗುಳ,
ಬಡಿಯುವವಳು ನಾನು, ಲಿನೆಯೊ,
ಹನ್ನೆರಡನೆಯದು ಪಾಸಾಗಿ
ಕಾಲೇಜಿನ ಕಾಗದಕ್ಕೆ ಕಾದು ಕೂತವಳು.
ಇನ್ನೊಬ್ಬ ಮೊಟ್ಲಾಟ್ಸಿ, ಅಂಗಡಿಯಲ್ಲಿ ಮೂಟೆ ಹೊರುವವನು.
ಸೀಮೆಎಣ್ಣೆ ಅವನ ಕೂಲಿಯಿಂದ,
ಸೀಮೆಸುಣ್ಣ ನನ್ನಮ್ಮನ ಕೋಳಿಮೊಟ್ಟೆಯಿಂದ.

ಹುಲ್ಲು ಹೊದಿಸಿದ ದುಂಡು ಕಲ್ಲುಮನೆ.
ಬಾಗಿಲಿಗೆ ಕದವಿಲ್ಲ, ಗೋಣಿಯಿದೆ.
ಜುಲೈ ತಿಂಗಳ ಗಾಳಿ
ಗೋಣಿಯನ್ನು ಕೇಳಿ ಒಳಬರುವುದಿಲ್ಲ.

ಹುಡುಗರು ಬರುತ್ತಾರೆ:
ಮಂಡಿಮಟ್ಟದ ರಬ್ಬರ್ ಬೂಟು, ಭುಜಕ್ಕೆ ಸಿಕ್ಕಿಸಿದ ಕಂಬಳಿ,
ಮೈತುಂಬ ಸಗಣಿಬೆಂಕಿಯ ಹೊಗೆ.
ವರ್ಷವಿಡೀ ಬೇರೆಯವರ ಮಂದೆ ಕಾದರೆ
ಹನ್ನೆರಡು ಕುರಿ ಸಂಬಳ.
ಕೋಲನ್ನು ಹೊರಗೇ ಇಡಿ ಅಂದೆ ಮೊದಲ ದಿನ.
ಯಾರೂ ಇಡಲಿಲ್ಲ.
ಈಗ ಅದೇ ಕೋಲಿನಿಂದ, ಹರಡಿದ ಬೂದಿಯ ಮೇಲೆ
ಆ ಎ ಇ ಒ ಉ.

ತ್ಲಾಲಿ ಅಂದರೆ ನಮ್ಮಲ್ಲಿ ಸಿಡಿಲು.
ಸಿಡಿಲು ಬಡಿದ ರಾತ್ರಿ ಹುಟ್ಟಿದವನಂತೆ.
ಹೆಸರು ಬರೆದು ತೋರಿಸಿದೆ.
ಬಹಳ ಹೊತ್ತು ನೋಡಿದ.
"ಇಷ್ಟೇನಾ ಅಕ್ಕ? ಅಷ್ಟು ಸದ್ದಿಗೆ
ಐದೇ ಅಕ್ಷರ?"

ಲೆಕ್ಕದ ದಿನ ಕೇಳಿದೆ, ನಿನ್ನ ಮಂದೆಯಲ್ಲಿ ಕುರಿ ಎಷ್ಟು?
ಗೊತ್ತಿಲ್ಲ.
ಮತ್ತೆ, ಒಂದು ತಪ್ಪಿಸಿಕೊಂಡರೆ?
ನಕ್ಕ. ನನ್ನ ದಡ್ಡತನಕ್ಕೆ ನೋವಾಗದಷ್ಟು ಮೆಲ್ಲಗೆ.
"ಕಿವಿಹರುಕಿ ಬೆಳಿಗ್ಗೆ ಮುಂದಿರುತ್ತೆ,
ಕುಂಟಿ ಹಿಂದಿರುತ್ತೆ,
ಇಬ್ಬರ ನಡುವೆ ಆ ಕೆಮ್ಮುವ ಮುದಿಟಗರು.
ಕೆಮ್ಮು ಕೇಳಿಸದಿದ್ದರೆ ಟಗರು ಇಲ್ಲ.
ಎಣಿಸೋದ್ಯಾಕೆ?"

ಆದರೂ ಕಲಿಸಿದೆ.
ಹನ್ನೊಂದು ಕೊಟ್ಟು ಹನ್ನೆರಡು ಅನ್ನುವ
ಯಜಮಾನರಿದ್ದಾರೆ, ಅದಕ್ಕೆ.
ಎರಡೇ ವಾರದಲ್ಲಿ ನೂರರವರೆಗೆ ಬಂದ.
ಮೂರನೆಯ ವಾರ ಯಜಮಾನನ ಅಂಗಳದಲ್ಲಿ ನಿಂತು
ಹೋದ ವರ್ಷದ ಬಾಕಿ, ಒಂದು ಕುರಿ, ಕೇಳಿದ.
ಮಾರನೆಯ ದಿನ ಕೆನ್ನೆ ಊದಿತ್ತು.
ಕುರಿ ಸಿಕ್ಕಿರಲಿಲ್ಲ.
ಲೆಕ್ಕ ಸರಿಯಿತ್ತು.

ತಿಂಗಳಿಗೊಮ್ಮೆ ಪಟ್ಟಣದಿಂದ ಬಿಳಿ ಗಾಡಿಯಲ್ಲಿ ಬರುವವರು
ಹಾಜರಿ ಪುಸ್ತಕ ಕೊಡಿ ಅನ್ನುತ್ತಾರೆ.
ಇಪ್ಪತ್ತಮೂರು ಹೆಸರು. ಗೆರೆ, ಗೆರೆ, ಸೊನ್ನೆ, ಗೆರೆ.
ತಿರುವಿ ನೋಡಿ ಸಹಿ ಹಾಕುತ್ತಾರೆ.
ಅದರಲ್ಲಿ ಯಾರ ಕೆಮ್ಮೂ ಕೇಳಿಸುವುದಿಲ್ಲ.

ನಿನ್ನೆ ಹಿಮ ಬಿದ್ದಿತ್ತು.
ಗೋಣಿ ಸರಿಸಿ ಒಳಗೆ ಕಾಲಿಟ್ಟೆ.
ಲಾಂದ್ರದ ಬತ್ತಿ ಇನ್ನೂ ಎತ್ತಿರಲಿಲ್ಲ,
ಒಂದು ಹೆಸರನ್ನೂ ಕೂಗಿರಲಿಲ್ಲ,
ಎದೆ ಧಸಕ್ಕೆಂದಿತು:
ಪುಲೆ ಇಲ್ಲ.
ಮೂಲೆಯಲ್ಲಿ ಕೂತು ಮೂಗು ಸೊರ್ ಅನ್ನಿಸುವವನು,
ಪೆನ್ಸಿಲಿನ ತುದಿ ಕಡಿಯುವವನು,
ಏಳನ್ನು ಪ್ರತಿಸಲವೂ
ಬೆನ್ನು ತಿರುಗಿಸಿ ಬರೆಯುವವನು.

ತ್ಲಾಲಿ ನನ್ನ ಮುಖ ನೋಡಿದ.
ಏನೂ ಹೇಳಲಿಲ್ಲ. ಕಂಬಳಿ ಬಿಗಿದುಕೊಂಡು ಎದ್ದ.
ಮೇಲಿನ ದೊಡ್ಡಿಗೆ ಎರಡು ಗಂಟೆ ದಾರಿ,
ಹಿಮದಲ್ಲಿ ಮೂರು.
ಮೊಟ್ಲಾಟ್ಸಿ ಲಾಂದ್ರಕ್ಕೆ ಎಣ್ಣೆ ತುಂಬಿಸಿದ,
ವಾರಕ್ಕೆಂದು ಇಟ್ಟದ್ದನ್ನೆಲ್ಲ.
ಏನು ಒಯ್ಯಬೇಕೆಂದು ತಿಳಿಯದೆ ನಾನು
ರೊಟ್ಟಿ ತೆಗೆದುಕೊಂಡೆ,
ಒಂದು ಪೆನ್ಸಿಲನ್ನೂ.

ಏರಿನ ತಿರುವಿನಲ್ಲಿ ನಿಂತು ಕೇಳಿದೆ,
ಕೆಳಗೆ ಯಾರೋ ಗುಳ ಬಡಿಯುತ್ತಿದ್ದರು,
ಪಾಠದ ಹೊತ್ತು ಎಂದೋ ಮೀರಿತ್ತು,
ಕೈ ಬದಲಿಸಿ, ಕೈ ಬದಲಿಸಿ,
ಬಿಡದೆ.